ಶೀಟಿನ ಮನೆಗಳ ಮಧ್ಯಾಹ್ನ

ನಿವೃತ್ತಿಗೆ ಇನ್ನೆರಡು ಬೇಸಿಗೆ ಉಳಿದಿದ್ದಾಗ ನನ್ನನ್ನು ಬೆಂಗಳೂರಿನ ಪೀಣ್ಯದ ತಾಪಮಾನ ಅಧ್ಯಯನಕ್ಕೆ ಹಾಕಿದರು. ಸರ್ಕಾರದ ಹವಾಮಾನ ಸಂಶೋಧನಾ ಕೇಂದ್ರವೊಂದರಲ್ಲಿ ನಾನು ಹಿರಿಯ ವಿಜ್ಞಾನಿ. ನಾವು ದಿನವೂ ಪ್ರಕಟಿಸುವ ತಾಪಮಾನ, ಬಯಲಿನಲ್ಲಿಟ್ಟ ನೆರಳಿನ ಪೆಟ್ಟಿಗೆಯೊಳಗೆ ಅಳೆದದ್ದು. ಕಾರ್ಖಾನೆಗಳ ಹಿಂದಿನ ಶೀಟಿನ ಮನೆಗಳಲ್ಲಿ ಜನ ಎಂಥ ಸೆಕೆಯಲ್ಲಿರುತ್ತಾರೆ ಎಂಬುದಕ್ಕೆ ನಮ್ಮಲ್ಲಿ ದಾಖಲೆಯೇ ಇರಲಿಲ್ಲ. ಬೇಸಿಗೆಯಲ್ಲಿ ಅಂಥ ಬೀದಿಗಳಿಗೆ ಏನು ಮಾಡಬೇಕೆಂದು ತೀರ್ಮಾನಿಸಲು ಪಾಲಿಕೆಯವರು ಅದನ್ನು ಕೇಳಿದ್ದರು.

ಒಂದು ವಠಾರದ ಹನ್ನೆರಡು ಮನೆಗಳಲ್ಲಿ ಗೋಡೆಗೆ ಮೊಳೆ ಹೊಡೆದು, ತಾಪಮಾನ ದಾಖಲಿಸುವ ಲಾಗರ್ ಕಟ್ಟಿದೆವು. ಬೆಂಕಿಪೊಟ್ಟಣದಷ್ಟು ಪುಟ್ಟ ಡಬ್ಬಿ. ಅದರ ಮೇಲೆ ಅಂಕಿ ಕಾಣುವುದಿಲ್ಲ. ಅಳೆದದ್ದು ನೇರವಾಗಿ ನಮ್ಮ ಕಚೇರಿಯ ಕಂಪ್ಯೂಟರಿಗೆ ಬರುತ್ತದೆ. ಮನೆಯವರಿಗೆ ರೀಡಿಂಗ್ ತಿಳಿಸಬಾರದೆಂಬುದು ಅಧ್ಯಯನದ ನಿಯಮ. ತಿಳಿದರೆ ಅವರು ನೆಲಕ್ಕೆ ನೀರು ಚಿಮುಕಿಸುತ್ತಾರೆ, ಬಾಗಿಲು ತೆರೆದಿಡುತ್ತಾರೆ. ಮನೆಯ ನಿತ್ಯದ ಸ್ಥಿತಿ ನಮಗೆ ಸಿಗುವುದಿಲ್ಲ.

ನಾಲ್ಕನೆಯ ಮನೆಯ ದೇವಮ್ಮ ಯಾದಗಿರಿ ಕಡೆಯವಳು, ಗಾರ್ಮೆಂಟ್ಸ್‌ನಲ್ಲಿ ಟೈಲರ್. ಐದು ತಿಂಗಳ ಮಗಳನ್ನು ಅತ್ತೆ ಮಲ್ಲಮ್ಮನವರ ಬಳಿ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಒಂದು ಭಾನುವಾರ ಬ್ಯಾಟರಿ ನೋಡಲು ಹೋದಾಗ ಮಗುವಿನ ಕುತ್ತಿಗೆಯ ತುಂಬ ಬೆವರುಗುಳ್ಳೆ. ದೇವಮ್ಮ ಹಳೆಯ ಕ್ಯಾಲೆಂಡರಿನಿಂದ ಗಾಳಿ ಬೀಸುತ್ತಲೇ ಕೇಳಿದಳು:

“ಮೇಡಂ, ನಾ ಫ್ಯಾಕ್ಟರಿಯಾಗ ಇರ್ತೀನ್ರಿ. ಈ ಡಬ್ಬಿ ಎಷ್ಟು ತೋರಸ್ತದ ಅಂತ ಊಟದ ಟೈಮಿಗೆ ನಂಗೊಂದು ಮೆಸೇಜ್ ಹಾಕ್ತೀರೇನ್ರಿ? ಭಾಳ ಆದ್ರ, ಕೂಸಿನ್ನ ಹೊರಗ ಕರ್ಕೊಂಡ್ ಹೋಗು ಅಂತ ಅತ್ತಿಯವ್ರಿಗೆ ಫೋನ್ ಮಾಡ್ತೀನಿ.”

ನೋಡೋಣ ಎಂದಷ್ಟೇ ಹೇಳಿ ಬಂದೆ. ಮರುದಿನ ಮಧ್ಯಾಹ್ನ ಹೊರಗೆ ಮೂವತ್ತಾರು ಡಿಗ್ರಿ; ನಾಲ್ಕನೆಯ ಮನೆಯೊಳಗೆ ನಲವತ್ತೊಂದು. ಕಂಪ್ಯೂಟರಿನ ಅದೇ ಪರದೆಯನ್ನು ದಿನಾ ನೋಡುತ್ತಿದ್ದವಳಿಗೆ ಅಂದು ಕುಳಿತಿರಲಾಗಲಿಲ್ಲ. ನಿರ್ದೇಶಕ ಶ್ರೀಧರಮೂರ್ತಿಯವರ ಕೋಣೆಗೆ ಹೋದೆ. ನಿಯಮದ ವಿಷಯದಲ್ಲಿ ಬಹಳ ಬಿಗಿಯಾದ ಮನುಷ್ಯ. ಪೂರ್ತಿ ಕೇಳಿ, ಕನ್ನಡಕ ತೆಗೆದಿಟ್ಟರು.

“ಕಳಿಸ್ಬಿಡಿ ಮೇಡಂ. ಅವ್ರಿಗೊಬ್ರಿಗೇ ಅಲ್ಲ, ಯಾರು ಕೇಳಿದ್ರೂ ಹೇಳಿ. ಯಾರಿಗೂ ಹೇಳದೆ ತೆಗೆದ ಎರಡು ವಾರದ ಡೇಟಾ ಅಂತೂ ಇದೆ. ಅಷ್ಟೇ ಇರೋದು ಅಂತ ರಿಪೋರ್ಟಲ್ಲಿ ಬರೆಯೋಣ.”

ವಾರದೊಳಗೆ ಎಂಟು ಮನೆಯವರು ಮೆಸೇಜು ಕೇಳಿದರು. ಆದರೆ ಮಗುವನ್ನೆತ್ತಿಕೊಂಡು ಆ ಅಜ್ಜಿ ಹೋಗುವುದೆಲ್ಲಿಗೆ? ನಾನೇ ಹೋಗಿ ನೋಡಿದೆ. ಮಲ್ಲಮ್ಮನವರು ಕಾರ್ಖಾನೆಯೊಂದರ ಕಾಂಪೌಂಡಿನ ನೆರಳಲ್ಲಿ ಕೂತಿದ್ದರು. ಲಾರಿ ಬಂದಾಗಲೆಲ್ಲ ಎದ್ದು ಸರಿಯಬೇಕು. ಎರಡು ಬೀದಿಯಾಚೆ ಸಮುದಾಯ ಭವನವಿತ್ತು. ಎತ್ತರದ ಆರ್‌ಸಿಸಿ ಛಾವಣಿ, ಸುತ್ತ ಹೊಂಗೆಮರ, ಬಾಗಿಲಿಗೆ ಬೀಗ. ಅನುಮತಿ ಪಡೆದು ಅಲ್ಲೊಂದು ಲಾಗರ್ ಕಟ್ಟಿದೆವು.

ಭವನವನ್ನು ಮಧ್ಯಾಹ್ನ ತೆರೆದಿಡಿ ಎಂದು ಪಾಲಿಕೆಯ ಸಭೆಯಲ್ಲಿ ಕೇಳಿದಾಗ ಎಂಜಿನಿಯರೊಬ್ಬರು, ಭವನ ತೆರೆದರೆ ಪ್ರಯೋಜನವೆಂದು ಹೇಗೆ ಹೇಳುತ್ತೀರಿ ಎಂದು ಕೇಳಿದರು. ಮನೆಗಳ ಮತ್ತು ಭವನದ ತಾಪಮಾನದ ಗೆರೆಗಳನ್ನು ಒಂದೇ ನಕ್ಷೆಯಲ್ಲಿ ತೋರಿಸಿದೆ. ಮಧ್ಯಾಹ್ನ ಮನೆಗಳ ಗೆರೆ ಮೇಲೇರುತ್ತಿತ್ತು, ಭವನದ್ದು ಬಹಳ ಕೆಳಗೇ ಉಳಿಯುತ್ತಿತ್ತು. ಬೇಸಿಗೆ ಮುಗಿಯುವವರೆಗೆ ಮಧ್ಯಾಹ್ನ ಭವನ ತೆರೆದಿರಲೆಂದು ತೀರ್ಮಾನವಾಯಿತು.

ನಮ್ಮ ಪ್ರಬಂಧ ಮಾತ್ರ ಎರಡು ವಿಜ್ಞಾನ ಪತ್ರಿಕೆಗಳಿಂದ ವಾಪಸಾಯಿತು. ಡೇಟಾ ಸಾಲದೆಂದು ಅವರು ಹೇಳಿದ್ದು ಸರಿಯೇ.

ಭವನ ತೆರೆದ ದಿನ ಹೋಗಿದ್ದೆ. ಕಿಟಕಿಯ ಸರಳುಗಳಿಗೆ ಸೀರೆಯ ಜೋಲಿ ಕಟ್ಟಿ ಮಲ್ಲಮ್ಮನವರು ಮೊಮ್ಮಗಳನ್ನು ತೂಗುತ್ತಿದ್ದರು. ಮಾತಾಡಬೇಡಿ ಎಂದು ಬೆರಳಿನಲ್ಲೇ ಸನ್ನೆ ಮಾಡಿ, ಪಕ್ಕದಲ್ಲಿ ಜಾಗ ತೋರಿಸಿದರು. ಮುಂದೆ ನಾನು ಬರೆದ ಪ್ರತಿ ಯೋಜನೆಯಲ್ಲೂ, ಅಳೆದದ್ದನ್ನು ಮೊದಲು ಯಾರಿಗೆ ತಿಳಿಸುತ್ತೇವೆ ಎಂಬ ಒಂದು ಪ್ಯಾರಾ ಇರುತ್ತಿತ್ತು. ನಾವು ಯಾರ ಮನೆಯ ಗೋಡೆಗೆ ಮೊಳೆ ಹೊಡೆದಿದ್ದೇವೋ, ಅವರ ಹೆಸರು ಅಲ್ಲಿ ಮೊದಲು ಬರುತ್ತಿತ್ತು.