ತಡವಾಗಿ ಕೇಳಿಸಿದ ಪೆಟ್ಟು

ನನ್ನ ಸೋದರಮಾವನ ಎಡಗಿವಿಯಲ್ಲಿ ಸದಾ ಒಂದು ಹತ್ತಿಯ ಉಂಡೆ ಇರುತ್ತಿತ್ತು. ಎಣ್ಣೆ ಹಿಡಿದು ಕಂದು ಬಣ್ಣಕ್ಕೆ ತಿರುಗಿದ, ಕಿವಿಯಿಂದ ಅರ್ಧ ಹೊರಗೆ ಇಣುಕುವ ಉಂಡೆ. ಯಕ್ಷಗಾನದ ಮೇಳದಲ್ಲಿ ಅವರು ಮದ್ದಳೆ ಬಾರಿಸುತ್ತಿದ್ದರು. ಹತ್ತಿರದಲ್ಲೇ ನಿಂತು ಬಾರಿಸುವ ಚಂಡೆಯ ಸದ್ದಿಗೆ ಕಿವಿ ಕೆಡದಿರಲೆಂದು ಹರೆಯದಲ್ಲಿ ಇಟ್ಟುಕೊಂಡ ಹತ್ತಿ, ಮೇಳ ಬಿಟ್ಟ ಮೇಲೂ ಅಲ್ಲೇ ಉಳಿಯಿತು. ಊರಿನವರು ಅವರನ್ನು ಕಿವುಡರ ಲೆಕ್ಕಕ್ಕೆ ಸೇರಿಸಿದರು. ಅವರೂ ತಿದ್ದಲು ಹೋಗಲಿಲ್ಲ. ಬೇಡದ ಮಾತು ಬಂದರೆ "ಹಾಂ? ಎಂತ?" ಎಂದು ಕೈಯನ್ನು ಕಿವಿಗೆ ಒಡ್ಡಿ, ಮಾತಾಡುವವನೇ ಸುಸ್ತಾಗಿ ಎದ್ದು ಹೋಗುವಂತೆ ಮಾಡುತ್ತಿದ್ದರು. ಅದೇ ಮನುಷ್ಯ ಜಗಲಿಯಲ್ಲಿ ಕೂತು, ಒಳಗೆ ಅತ್ತೆ ಕಾವಲಿಗೆ ಎಷ್ಟು ಬಂಗುಡೆ ಹಾಕಿದಳೆಂದು ಚುಂಯ್ ಸದ್ದಿನಲ್ಲೇ ಎಣಿಸುತ್ತಿದ್ದರು.

ಕಿರಿಮಂಜೇಶ್ವರದಲ್ಲಿ ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿಯುವ ದಾರಿಯಲ್ಲಿ ಅವರ ಮನೆ. ಮಕ್ಕಳಿರಲಿಲ್ಲ. ರಜೆ ಬಂತೆಂದರೆ ನಾನು ಅಲ್ಲೇ. ನನಗೆ ಮದ್ದಳೆ ಕಲಿಸಿದವರು ಅವರು. ಹೆಣ್ಣುಹುಡುಗಿ ಮದ್ದಳೆ ಕಲಿತು ಯಾವ ಮೇಳಕ್ಕೆ ಹೋಗುವುದು ಎಂದು ಅಮ್ಮ ತಕರಾರು ತೆಗೆದಾಗ ತಂಗಿಯ ಮೇಲೆ ರೇಗಿದ್ದರು: "ಮೇಳಕ್ಕೆ ಹೋಪುಕಲ್ಲ, ತಾಳ ಗೊತ್ತಾಪುಕೆ. ಅದಿಲ್ದಿದ್ರೆ ಸಮ ಮಾತಾಡುಕೂ ಬತ್ತಿಲ್ಲ, ನಿನ್ ಹಾಂಗೆ."

ಮೊದಮೊದಲು ವಾದ್ಯ ಮುಟ್ಟಲು ಬಿಡಲಿಲ್ಲ. ಕಣ್ಣು ಮುಚ್ಚಿ ಕೂತು ಕೇಳಬೇಕು, ಅಷ್ಟೇ. ನಾನು ಬೇಸರದಿಂದ ನೆಲ ಬಡಿದರೆ ಕೈ ಹಿಡಿದು ನಿಲ್ಲಿಸುತ್ತಿದ್ದರು. "ಕಿವಿ ಹೇಳ್ದಾಂಗೆ ಕೈ ಕೇಣ್ಕ್. ಕೈ ಹೇಳ್ದಾಂಗೆ ಕಿವಿ ಕೇಂಡ್ರೆ ಅದ್ ಬಾರ್ಸುದಲ್ಲ, ಬಡುದ್." ಕಿವಿಯ ಮಾತನ್ನು ಕೈ ಕೇಳಬೇಕು, ಅವರ ಪಾಠವೆಲ್ಲ ಇಷ್ಟೇ. ಕಿವಿಯ ಮೇಲೆ ಅಷ್ಟು ನಂಬಿಕೆ, ಕೈಯ ಮೇಲೆ ಅಷ್ಟು ಸಂಶಯ.

ಹಾಲಾಡಿಯ ಒಂದು ಆಟದಲ್ಲಿ ಹೆಸರು ಮಾಡಿದ ಭಾಗವತರೊಬ್ಬರು ಪದ್ಯದ ನಡುವೆ ಅರ್ಧ ಪೆಟ್ಟು ನುಂಗಿಬಿಟ್ಟರು. ಮಾವ ಬೆರಳಿನಲ್ಲೇ ಏನೋ ಹೆಣೆದು ಅದನ್ನು ಮುಚ್ಚಿದರು. ಸಭೆಗೆ ಗೊತ್ತೇ ಆಗಲಿಲ್ಲ. ಆಮೇಲೆ ಚೌಕಿಯಲ್ಲಿ, ವೇಷದವರೆಲ್ಲ ಬಣ್ಣ ತೆಗೆಯುತ್ತಿರುವಾಗ, ಆ ಭಾಗವತರೇ ಮದ್ದಳೆ ತಾಳ ಮೀರಿ ಓಡಿತೆಂದು ಗೊಣಗಿದರು. ಮಾವ "ಹೌದಾ ಅಯ್ಯ, ನಂದೇ ತಪ್ಪಿರ್ಕ್" ಎಂದು ಮದ್ದಳೆಗೆ ಬಟ್ಟೆ ಸುತ್ತಿದರು. ಪಕ್ಕದಲ್ಲಿ ನಿಂತಿದ್ದ ನನಗೆ ಮೈಯೆಲ್ಲ ಉರಿಯಿತು. ಅದು ವಿನಯದ ಮಾತಾಗಿರಲಿಲ್ಲ. ಅವರು ನಿಜವಾಗಿಯೂ ಮೊದಲು ತಮ್ಮ ಕೈಯನ್ನೇ ಅನುಮಾನಿಸುತ್ತಿದ್ದರು. ಆ ಗುಣವನ್ನು ಜನ ದೊಡ್ಡದೆಂದು ಹೊಗಳುತ್ತಿದ್ದರು. ನಾನೂ ಹೊಗಳಿದ್ದೇನೆ. ಈಗ ಆ ಗುಣದ ಮೇಲೆ ನನಗೆ ಸಿಟ್ಟು ಬರುತ್ತದೆ.

ಮೇಳ ಬಿಟ್ಟ ಮೇಲೂ ಕೈ ಚುರುಕಾಗಿಯೇ ಇತ್ತು. ಅಲ್ಲಲ್ಲಿ ಕರೆಯುತ್ತಿದ್ದರು, ಹೋಗಿ ಬಾರಿಸಿ ಬರುತ್ತಿದ್ದರು. ಆಗ ಕುಂದಾಪುರದಲ್ಲಿ ಅಂಗಡಿಯೊಂದರ ಮಾಳಿಗೆಯ ಮೇಲೆ ಒಬ್ಬ ರೆಕಾರ್ಡಿಂಗ್ ಸ್ಟುಡಿಯೋ ತೆರೆದ. ಹಳೆಯ ಕ್ರಮದ ಮದ್ದಳೆಯನ್ನು ದಾಖಲೆ ಮಾಡುತ್ತೇನೆಂದು ಮಾವನನ್ನು ಕರೆಸಿದ. ನಾನು ಬ್ರಹ್ಮಾವರದಲ್ಲಿದ್ದೆ, ಜೊತೆಗೆ ಹೋದದ್ದು ಅತ್ತೆ. ಭಾಗವತರ ಪದ್ಯ ಮೊದಲೇ ರೆಕಾರ್ಡ್ ಆಗಿತ್ತಂತೆ. ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಮಾವ ಮದ್ದಳೆ ಸೇರಿಸಬೇಕು. ಅವರ ಪೆಟ್ಟೂ ಮೈಕಿನ ಮೂಲಕ ಅದೇ ಹೆಡ್‌ಫೋನಿಗೆ ಬರುತ್ತದೆ. ಮಾವ ಕಿವಿಯ ಹತ್ತಿ ತೆಗೆದು, ಕಾಗದದಲ್ಲಿ ಸುತ್ತಿ ಅಂಗಿಯ ಕಿಸೆಗೆ ಹಾಕಿ, ಮದುವೆಗೆ ಕೂತ ಹುಡುಗನ ಹಾಗೆ ನೆಟ್ಟಗೆ ಕೂತರಂತೆ.

"ಅಜ್ಜಯ್ಯ, ಕೈ ಓಡತ್ತ್ ಕಾಣಿ," ಎಂದನಂತೆ ಸ್ಟುಡಿಯೋದವನು. ಇನ್ನೊಮ್ಮೆ ಬಾರಿಸಿದರು. ಇನ್ನೂ ಓಡಿತು. ಮತ್ತೊಮ್ಮೆ ಬಾರಿಸುವಾಗ ಪದ್ಯ ಒಂದು ಕಡೆ, ಮದ್ದಳೆ ಒಂದು ಕಡೆ. ಕೊನೆಗೆ ಅವನು "ಬಿಡಿ, ಪ್ರಾಯ ಆಯ್ತಲ್ದಾ" ಎಂದು ಎದ್ದುಬಿಟ್ಟ. ಅಲ್ಲಿಗೇ ಬಿಟ್ಟಿದ್ದರೆ ಅವನನ್ನು ನಾನು ಮರೆಯುತ್ತಿದ್ದೆನೋ ಏನೋ. ಮಾವ ಬಾರಿಸುವಾಗ ಅವನು ವಿಡಿಯೋವನ್ನೂ ತೆಗೆದಿದ್ದ, ಅದರ ತುಣುಕನ್ನು ವಾಟ್ಸಾಪಿನಲ್ಲಿ ಗೆಳೆಯರಿಗೆ ಕಳಿಸಿದ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಕ್ಷಗಾನದ ಹುಚ್ಚಿರುವ ಪ್ರತಿ ಫೋನಿಗೂ ಅದು ಹೋಯಿತು. ಪಾಪ, ಅಜ್ಜನ ತಾಳ ಹೋಯಿತು, ಕಿವಿಯೂ ಮೊದಲೇ ಇರಲಿಲ್ಲವಲ್ಲ ಎಂದು ಬರೆದವರೆಲ್ಲ ಮಾವನಿಂದ ಒಂದಲ್ಲ ಒಂದು ದಿನ ಪಾಠ ಹೇಳಿಸಿಕೊಂಡವರು. ಕರೆಯುವವರು ನಿಂತರು.

ನಾನು ಹೋದಾಗ ಅವರು ತಮ್ಮ ಮದ್ದಳೆಯನ್ನು ಬೈಂದೂರಿನ ಶಿಷ್ಯನಿಗೆ ಕೊಟ್ಟಾಗಿತ್ತು. ಯಾಕೆ ಕೊಟ್ಟಿರಿ ಎಂದು ಜಗಳವಾಡಿದೆ. ಸಮಾಧಾನದಲ್ಲೇ ಹೇಳಿದರು: "ನನ್ ಪೆಟ್ಟ್ ನಂಗೇ ತಡ ಕೇಣ್ತಿತ್ತ್ ಮಗಾ. ತಡ ಆಯ್ತಂದ್ ಕಿವಿ ಹೇಳ್ತ್, ಕೈ ಮುಂದ್ ಹೋಯ್ತ್. ಮೆಶಿನ್ ಸುಳ್ಳ್ ಹೇಳತ್ತಾ? ಕೈಯೇ ಹೋದ್ದ್." ಆಮೇಲೆ ಅವರು ಬಾಯಲ್ಲೂ ತಾಳ ಹೇಳಲಿಲ್ಲ. ಊಟದ ಮಣೆಯ ಮೇಲೆ, ಬಸ್ಸಿನ ಸರಳಿನ ಮೇಲೆ ಸುಮ್ಮನಿರದ ಬೆರಳುಗಳು ತೊಡೆಯ ಮೇಲೆ ಬಿದ್ದುಕೊಂಡಿರುತ್ತಿದ್ದವು.

ಹೀಗೆ ಎರಡು ಮಳೆಗಾಲ ಹೋಯಿತು. ನನಗೆ ಮಕ್ಕಳ ಕಥೆಗಳನ್ನು ಮನೆಯಲ್ಲೇ ಓದಿ ರೆಕಾರ್ಡ್ ಮಾಡಿ ಕಳಿಸುವ ಕೆಲಸ ಸಿಕ್ಕಿತು. ಲ್ಯಾಪ್‌ಟಾಪಿನ ಮೈಕಿನಲ್ಲಿ ಫ್ಯಾನಿನ ಸದ್ದೇ ಹೆಚ್ಚು ಬರುತ್ತದೆಂದು ಹೊರಗಿನಿಂದ ಜೋಡಿಸುವ ಸೌಂಡ್ ಕಾರ್ಡ್ ತರಿಸಿದೆ. ಅಂಗೈಗಿಂತ ತುಸು ದೊಡ್ಡ ಪೆಟ್ಟಿಗೆ. ಒಂದು ಕಡೆ ಮೈಕ್, ಇನ್ನೊಂದು ಕಡೆ ಹೆಡ್‌ಫೋನ್, ಹಿಂದಿನಿಂದ ಲ್ಯಾಪ್‌ಟಾಪಿಗೆ ಒಂದು ವಯರು. ಸೆಟ್ಟಿಂಗ್ಸಿನಲ್ಲಿ ಆ ಪೆಟ್ಟಿಗೆಯ ಹೆಸರನ್ನು ಹುಡುಕಿ ಆರಿಸುವಷ್ಟರಲ್ಲಿ ಅರ್ಧ ದಿನ ಹೋಯಿತು. ಹೆಡ್‌ಫೋನ್ ಹಾಕಿ "ಒಂದಾನೊಂದು ಊರಿನಲ್ಲಿ" ಎಂದೆ. ನನ್ನದೇ ದನಿ ಹಿಂದಿನಿಂದ ಯಾರೋ ಅಣಕಿಸಿದಂತೆ ತಡವಾಗಿ ಬಂತು. ಎರಡನೆಯ ವಾಕ್ಯಕ್ಕೆ ನಾಲಿಗೆ ತೊಡರಿತು, ಮೂರನೆಯದಕ್ಕೆ ತೊದಲಿದೆ. ಓದುವುದೇ ನನ್ನ ಹೊಟ್ಟೆಪಾಡು.

ಪೆಟ್ಟಿಗೆ ಮಾರಿದ ಅಂಗಡಿಗೆ ಫೋನ್ ಮಾಡಿದೆ. ಅಲ್ಲಿನ ಹೆಂಗಸು ನಕ್ಕಳು. "ನಿಮ್ ಸ್ವರ ಕಂಪ್ಯೂಟರ್ ಒಳ್ಗ್ ಹೋಯಿ, ಸುತ್ತ್ ಹಾಕಿ, ತಿರ್ಗಿ ಕಿವಿಗೆ ಬತ್ತ್. ಅದ್ಕೇ ತಡ. ಪೆಟ್ಟಿಗೆ ಎದ್ರಿಗೆ ಒಂದ್ ಗುಂಡಿ ಇತ್ತಲ್ದಾ, ಅದನ್ನ ಎಡಕ್ಕೆ ತಿರ್ಗ್ಸಿ. ಮೈಕಿಂದ ಸೀದಾ ಕೇಣತ್ತ್. ಎಲ್ರಿಗೂ ಸುರುವಿಗೆ ಹೀಂಗೇ ಆತ್ತ್."

ಗುಂಡಿ ತಿರುಗಿಸಿದೆ. ತುಟಿ ಬಿಚ್ಚಿದ ಕೂಡಲೇ ದನಿ ಕಿವಿಯಲ್ಲಿತ್ತು. ಖುಷಿಪಡುವ ಬದಲು ನಾನು ಹೆಡ್‌ಫೋನ್ ಕಿತ್ತು ಹಾಸಿಗೆಯ ಮೇಲೆ ಎಸೆದೆ. ಮಾವನ ಕೈ ಹೋಗಿರಲಿಲ್ಲ. ಒಂದು ಗುಂಡಿ ತಿರುಗಿಸಲು ಬಾರದವನು ಅವರ ಕೈಯನ್ನು ತೆಗೆದಿದ್ದ.

ಮರುದಿನವೇ ಚೀಲ ತುಂಬಿಕೊಂಡು ಬಸ್ಸು ಹತ್ತಿದೆ. ಮೊದಲು ಬೈಂದೂರಿಗೆ ಹೋಗಿ ಶಿಷ್ಯನ ಮನೆಯಿಂದ ಮದ್ದಳೆ ತಂದೆ. ಮಾವನ ಮನೆಯ ಜಗಲಿಯಲ್ಲಿ ಎಲ್ಲವನ್ನೂ ಹರವಿ, ಬೇಕೆಂದೇ ಗುಂಡಿಯನ್ನು ಬಲಕ್ಕೆ ಇಟ್ಟು, ಅವರ ಕಿವಿಗೆ ಹೆಡ್‌ಫೋನ್ ಹಾಕಿ ಚಪ್ಪಾಳೆ ತಟ್ಟಿ ಎಂದೆ. ತಟ್ಟಿದವರೇ ಬೆಚ್ಚಿಬಿದ್ದರು. "ಇದೇ ಕಾಣ್! ಅವತ್ತ್ ಆದ್ದ್ ಇದೇ!" ಗುಂಡಿಯನ್ನು ಎಡಕ್ಕೆ ತಿರುಗಿಸಿ ಮತ್ತೆ ತಟ್ಟಿಸಿದೆ. ಅವರು ತಟ್ಟುತ್ತಲೇ ಹೋದರು. ಮುಖ ಹರೆಯದವರ ಮುಖದ ಹಾಗಾಯಿತು. ಬಾಗಿಲಲ್ಲಿ ನಿಂತ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

ಮದ್ದಳೆಯನ್ನು ಮಡಿಲಿಗೆ ಎಳೆದುಕೊಂಡರು. ನಿಧಾನದ ನಡೆಯಲ್ಲಿ ಪರವಾಗಿರಲಿಲ್ಲ. ನಡೆ ಏರಿದ ಕೂಡಲೇ ಬೆರಳುಗಳು ಒಂದಕ್ಕೊಂದು ಸಿಕ್ಕಿಕೊಂಡವು. ಮತ್ತೆ ಬಾರಿಸಿದರು, ಮತ್ತೆ ಸಿಕ್ಕಿಕೊಂಡವು. ಆ ವಯಸ್ಸಿನಲ್ಲಿ ದಿನಾ ಬಾರಿಸಿದರಷ್ಟೇ ಉಳಿಯುವ ಕೈ ಅದು. ಬಹಳ ಹೊತ್ತು ಪ್ರಯತ್ನಿಸಿ, ಹೆಡ್‌ಫೋನ್ ತೆಗೆದು ಮೆಲ್ಲಗೆ ನನ್ನ ಕೈಗಿತ್ತರು.

"ಅವತ್ತ್ ನನ್ ಕೈ ಸಮ ಇದ್ದಿತ್ತಾ ಮಗಾ?"

"ಸಮ ಇದ್ದಿತ್ತ್ ಮಾವ."

"ಹಾಂಗಾರೆ ಹಾಳ್ ಮಾಡ್ಕಂಡದ್ದ್ ನಾನೇ. ಸುಮ್ನೆ ಕೂಕಂಡ್." ಮದ್ದಳೆಯನ್ನು ಮಡಿಲಿನಿಂದ ಇಳಿಸಿ ಹೇಳಿದರು: "ನೀ ಇದನ್ನ ಹೇಳ್ದೇ ಇದ್ದಿದ್ರೆ ಒಳ್ಳೆದಿತ್ತ್ ಮಾರಾಯ್ತಿ."

ನಾನು ವಯರುಗಳನ್ನು ಸುತ್ತಿ ಪೆಟ್ಟಿಗೆಯನ್ನು ಚೀಲಕ್ಕೆ ತುಂಬಿದೆ.

ಅಲ್ಲಿಂದ ಸೀದಾ ಕುಂದಾಪುರಕ್ಕೆ ಹೋದೆ. ಸ್ಟುಡಿಯೋದವನು ಕುರ್ಚಿ ಕೊಟ್ಟು ಟೀ ತರಿಸಿದ. ವಿಷಯ ಹೇಳಿದೆ. "ಆಗ ಎಲ್ಲ ಹೊಸತ್ ಅಲ್ದಾ ಅಕ್ಕ, ಸೆಟ್ಟಿಂಗ್ ಗೊತ್ತಿರ್ಲಿಲ್ಲ," ಎಂದ, ಸಾರಿಗೆ ಉಪ್ಪು ಹೆಚ್ಚಾದ ಸುದ್ದಿ ಹೇಳುವಂತೆ. ಹಾಗಾದರೆ ಅದನ್ನೇ ವಾಟ್ಸಾಪಿನಲ್ಲೂ ಹೇಳು ಎಂದೆ. "ಹಳೇದೆಲ್ಲ ಈಗೆಂತಕೆ? ಜನ ಮರ್ತಿರ್." ಟೀಯನ್ನು ಹಾಗೇ ಬಿಟ್ಟು ಎದ್ದೆ. ಅದೊಂದೇ ನನಗೆ ಸಾಧ್ಯವಾದ ಪ್ರತೀಕಾರ.

ಈ ವರ್ಷ ಮಳೆ ಹಿಡಿಯುವ ಮುಂಚೆ ಮಾವ ತೀರಿಕೊಂಡರು. ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಬಂದವರು ಎಲೆಯ ಮುಂದೆ ಕೂತು, ಎಂಥ ಕೈ, ಕಡೆಗಾಲಕ್ಕೆ ಮಾತ್ರ ತಾಳ ತಪ್ಪಿತು ಎಂದು ಮರುಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಮೊಣಕೈ ಹಿಡಿದಳು: "ಬಿಡ್ ಮಗಾ, ಜನ ಉಂತಿದ್ರ್." ಅವಳ ಮುಖ ನೋಡಿ ಬಿಟ್ಟೆ.

ಸಂಜೆ ಫೋನು ತೆರೆದರೆ ಅದೇ ತುಣುಕು ಬಂದಿತ್ತು. ಜನ ಮರೆತಿದ್ದಾರೆ ಎಂದವನೇ ಅದಕ್ಕೆ ದೀಪದ ಚಿತ್ರ ಸೇರಿಸಿ, ಮಹಾನ್ ಕಲಾವಿದನಿಗೆ ನಮನ ಎಂದು ಬರೆದು ಕಳಿಸಿದ್ದ. ಮಾವ ಬಾರಿಸಿದ್ದರಲ್ಲಿ ಬೇರೇನೂ ಯಾರ ಬಳಿಯೂ ಉಳಿದಿಲ್ಲ. ಈಗಲೂ ಅದು ಒಂದಲ್ಲ ಒಂದು ಗುಂಪಿನಲ್ಲಿ ತಿರುಗಿ ಬರುತ್ತದೆ. ಬಂದಾಗಲೆಲ್ಲ ನಾನು ಕೆಳಗೆ ಬರೆಯುತ್ತೇನೆ: ಯಂತ್ರ ಜೋಡಿಸಿದವನ ತಪ್ಪು, ಇವರ ಕೈಯದಲ್ಲ. ಉತ್ತರಕ್ಕೆ ಯಾರಾದರೊಬ್ಬರು ಕೈ ಮುಗಿದ ಚಿತ್ರ ಹಾಕುತ್ತಾರೆ.