ಬಾಲಮ್ಮನ ಜಾಗರಣಿ

ಗಂಡ ಅಮೋಘಸಿದ್ದ ಸತ್ತ ದಿನದಿಂದ ಮಲ್ಲಟದ ಬಾಲಮ್ಮನ ಕಣ್ಣಿಗೆ ನಿದ್ದಿ ಹತ್ತಿಲ್ಲ. ಸತ್ತ ಅಂದ್ರ ಜಡ್ಡು ಜಾಪತ್ರಿ ಅಲ್ಲರೀ, ಕೊಡ್ಲಿ! ಇವನ ಕುರಿ ತನ್ನ ಹತ್ತಿ ಹೊಲಕ್ಕ ಬಾಯಿ ಹಾಕಿದ್ವು ಅಂತ ಹೊಲದಾಂವ ತಾಯಣ್ಣ ಹಿಂದಿನಿಂದ ಬಂದು ಹೊಡದಿದ್ದ. ಮೊದಲನೇ ಏಟು ಹೆಗಲಿಗೆ, ಎರಡನೇದು ಕುತ್ತಿಗಿಗೆ. ಬುತ್ತಿ ತಂದ ಬಾಲಮ್ಮ ಎರಡನೇದನ್ನ ಕಣ್ಣಾರೆ ನೋಡಿದಳು. ರೊಟ್ಟಿ ಗಂಟಿನ ಮ್ಯಾಲೆ ರಕ್ತ ಚಿಮ್ಮಿತು. ಅಂಥಾಕಿಗೆ ನಿದ್ದಿ ಎಲ್ಲಿಂದ ಬರಬೇಕು, ಹೇಳ್ರಿ!

ಮಾನವಿ ಡಾಕ್ಟರು ಗುಳಿಗಿ ಕೊಟ್ರು, ದೇವದುರ್ಗದ ಸ್ವಾಮಿ ತಾಯತ ಕಟ್ಟಿದ. ಏನೂ ಹತ್ತಲಿಲ್ಲ. ಅಷ್ಟರಾಗ ರಾಯಚೂರು ಕೋರ್ಟಿನಾಗ ಜಾಮೀನು ಸಿಕ್ಕು ತಾಯಣ್ಣ ಊರಿಗೆ ಬಂದ. ಬಾಲಮ್ಮ ಗಂಡನ ಕೊಡ್ಲಿ ಮಸದಳು. ಆ ಸಪ್ಪಳಕ್ಕ ಅತ್ತಿ ನೀಲಗಂಗಮ್ಮ ಎದಿ ಒಡಕೊಂಡು, ಗ್ವಾಡಿ ಮಾಡದಾಗಿನ ಶಿವನ ಪುರಾಣದ ಪುಸ್ತಕ ತಂದು ಸೊಸಿ ಮುಂದ ಬಿಚ್ಚಿದಳು. ಅವರ ಮಂದ್ಯಾಗ ಪುರಾಣ ಓದಾಕ ಹಚ್ಚಿದ್ರ, ಮುಗಿಸಿ ಮಂಗಳ ಹಾಡೋತನಕ ಆ ಮನಿಯವರು ರಕ್ತ ಹನಿಸಂಗಿಲ್ಲ, ಕೋಳಿದು ಸುದ್ದಾ.

"ನಾಲ್ಕು ಅಕ್ಷರ ಕಲತೀದಿ, ಓದು. ಮುಗದ ಮ್ಯಾಲೆ ಏನರೆ ಮಾಡು," ಅಂದಳು.

"ಮುಗಿಸೇ ಮಾಡ್ತೀನಿ ತಗೋ!"

ದಿನಾ ರಾತ್ರಿ ಬಾಲಮ್ಮ ಹಲ್ಲು ಕಡಕೋತ ಓದಾಕತ್ತಿದಳು. ಅಧ್ಯಾಯ ಮುಗದಂಗ ತಾಯಣ್ಣನ ಆಯುಷ್ಯ ಕಡಿಮಿ ಆತು ಅಂತ ಖುಷಿ. ಆದ್ರ ಒಂದು ಕಡೆ ಬಂತು: ಲೋಕ ಮಲಗಿದಾಗ ಶಿವ ಎಚ್ಚರ ಇರತಾನ, ಅಳೋರ ಜೋಡಿ ಕುಂತಿರತಾನ. ಬಾಲಮ್ಮ ಹೋ ಅಂತ ಅತ್ತಳು. ಇಷ್ಟು ದಿನ ತಾನೊಬ್ಬಾಕೆ ಎಚ್ಚರ ಅಂದುಕೊಂಡಿದ್ದಳು. ಇದು ಜಡ್ಡಲ್ಲ, ಜಾಗರಣಿ ಅಂತ ಅವತ್ತು ತಿಳೀತು. ಹಂಗಂತ ಸಿಟ್ಟು ಇಳೀಲಿಲ್ಲ ಮತ್ತ.

ಕಡೀ ರಾತ್ರಿ ಮಂಗಳ ಹಾಡಿ, ಪುಸ್ತಕಕ್ಕ ಹಣಿ ಹಚ್ಚಿ, ಕೊಡ್ಲಿ ಹಿಡಕೊಂಡು ಬಾಗಿಲು ತೆಗೆದಳು. ಕಟ್ಟಿ ಮ್ಯಾಲೆ ತಾಯಣ್ಣನೇ ಕುಂತಿದ್ದ! ಕಣ್ಣು ಕೆಂಡ, ಮೈ ಬರೇ ಎಲುಬು.

"ದಿನಾ ಇಲ್ಲೇ ಕುಂತು ಕೇಳಾಕತ್ತೀನಿ, ಯಕ್ಕಾ. ಜೈಲಿನಾಗೂ ಕಣ್ಣು ಹತ್ತಲಿಲ್ಲ. ಮಂಗಳ ಆತಲ್ಲ, ಹೊಡಿ. ಒಮ್ಮೆ ಮಲಗಿಬಿಡ್ತೀನಿ," ಅಂತ ಕುತ್ತಿಗಿ ಬಗ್ಗಿಸಿದ.

ಕೊಡ್ಲಿ ಎತ್ತಿದಳು. ಬೀಸಿದಳು ಸುದ್ದಾ. ಅಲಗು ಅವನ ಕಿವಿ ಹರಕೊಂಡು ಪಕ್ಕದ ಕಂಬದಾಗ ಪೂರಾ ಹೊಕ್ಕಿತು.

"ನಿನಗ ನಿದ್ದಿ ನಾ ಕೊಡ್ಲೇನಲೇ, ಮೂಳಾ? ನನ್ನ ಗಂಡನ್ನ ಕೊಂದಾಂವಗ ನಿದ್ದಿ?" ಅಂತ ಚೀರಿದಳು. ಆಮ್ಯಾಲೆ ಒಳಗಿಂದ ಪುಸ್ತಕ ತಂದು ಅವನ ಮುಂದ ಇಟ್ಟಳು. "ನನ್ನ ಗಂಟಲು ಬಿದ್ದದ. ಇನ್ನ ನೀ ಓದು. ಅಂವ ಸತ್ತಿದ್ದಕ್ಕ ಇಬ್ಬರೂ ಎಚ್ಚರಿರೋಣು."

ತಾಯಣ್ಣ ಕಿವಿ ಒತ್ತಿ ಹಿಡಿದಿದ್ದ ರಕ್ತದ ಕೈ ಧೋತ್ರಕ್ಕ ಒರಿಸಿಕೊಂಡು ಮೊದಲನೇ ಹಾಳಿ ತೆಗೆದ.