ಭಾಳ ಎಂದರೆ ಕೂಸಲ್ಲ

ಶಾಂತಕ್ಕನ ಎದುರಿಗೇ ಶಾಂತಕ್ಕನ ವಿಚಾರವನ್ನು ಬೇರೆಯವರ ಹತ್ತಿರ ಕೇಳಿದವರು ಪೆಟ್ಟು ತಿನ್ನದೆ ಹೋದದ್ದಿಲ್ಲ. ಮಾತಿನ ಪೆಟ್ಟು. "ಈಕಿಗೆ ಚಹಾ ನಡೀತದೇನ್ರಿ?" ಎಂದು ಯಾರಾದರೂ ಅವರ ತಮ್ಮ ವಿಠ್ಠಲರಾಯರನ್ನು ಕೇಳಿದರೆ, ಸುಲಿಯುತ್ತಿದ್ದ ಬೆಳ್ಳುಳ್ಳಿಯನ್ನು ಕೆಳಗಿಟ್ಟು, "ನಾ ಇಲ್ಲೇ ಕೂತೀನ್ರಿ. ನನ್ನ ಕೇಳ್ರಿ" ಎನ್ನುತ್ತಿದ್ದರು. ಕೇಳಿದರೆ, "ನಡೀತದ್ರಿ. ಸಕ್ಕರಿ ಜಾಸ್ತಿ ಇರ್ಲಿ."

ಮರಾಠಿ ಸೀಮೆಯ ಬಿಬವೇವಾಡಿಯ ನಮ್ಮ ಓಣಿಯಲ್ಲಿ ವಿಠ್ಠಲರಾಯರದು ಪಾತ್ರೆ ಅಂಗಡಿ. ವಿಜಯಪುರದ ಕಡೆಯ ಮನೆತನ. ತಾಯಿ ತೀರಿಕೊಂಡ ಮೇಲೆ ಅಕ್ಕನನ್ನು ಇಲ್ಲಿಗೆ ಕರೆತಂದಿದ್ದರು. ಹುಟ್ಟಿನಿಂದಲೇ ಶಾಂತಕ್ಕನಿಗೆ ಕಲಿಯುವುದು ನಿಧಾನ. ಓದು ಹತ್ತಲಿಲ್ಲ, ಗಡಿಯಾರ ತಿಳಿಯುತ್ತಿರಲಿಲ್ಲ, ಎರಡು ಮಾತು ಒಟ್ಟಿಗೆ ಹೇಳಿದರೆ ಎರಡನೆಯದು ಬಿಟ್ಟುಹೋಗುತ್ತಿತ್ತು. ಅಷ್ಟಕ್ಕೇ ಐವತ್ತು ದಾಟಿದ ಹೆಂಗಸಿಗೆ ಓಣಿಯಲ್ಲೆಲ್ಲ ಏಕವಚನ. ಬೀದಿನಾಯಿಗೂ "ಸ್ವಲ್ಪ ಸರೀರಿ" ಎನ್ನುತ್ತಿದ್ದ ಅವರಿಗೆ ಒಬ್ಬರ ಬಾಯಿಂದಲೂ ಒಂದು 'ರೀ' ಬರುತ್ತಿರಲಿಲ್ಲ. ಚಾಕಲೇಟು ಕೊಟ್ಟು ಕೆನ್ನೆ ಹಿಂಡುವ ಮಹನೀಯರೂ ಇದ್ದರು. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ನಾನು ಹತ್ತಿರದ ಧನಕವಡಿಯಲ್ಲಿ, ಆಸ್ಪತ್ರೆ ಮತ್ತು ಆರೈಕೆಯ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರಿಗೆ ಪಾಠ ಹೇಳುವವಳು. ಕಲಿಕೆಯ ತೊಂದರೆಯ ಪಾಠ ಬಂದಾಗ, "ಬರ್ತೀರೇನ್ರಿ ಶಾಂತಕ್ಕ?" ಎಂದು ಕೇಳಿ ಅವರನ್ನು ತರಗತಿಗೆ ಕರೆದುಕೊಂಡು ಹೋದೆ. ಇಳಕಲ್ ಸೀರೆ ಉಟ್ಟು ಬಂದರು. ಹುಡುಗಿಯೊಬ್ಬಳು ನನ್ನ ಕಡೆ ತಿರುಗಿ ಮರಾಠಿಯಲ್ಲಿ, "ಮ್ಯಾಡಮ್, ಇವರು ತಾವೇ ಊಟ ಮಾಡುತ್ತಾರಾ?" ಎಂದಳು. ಪೇಟೆಯ ಮರಾಠಿ ಶಾಂತಕ್ಕನಿಗೆ ತಿಳಿಯುತ್ತಿತ್ತು. "ನಾನೇ ಉಣ್ತೀನ್ರಿ. ನಿಮಗ ಯಾರು ಉಣಸ್ತಾರ?" ಎಂದರು. ನಾನು ಅದನ್ನು ಮರಾಠಿಯಲ್ಲಿ ಹೇಳಿದಾಗ ತರಗತಿಯೆಲ್ಲ ನಕ್ಕಿತು. ಆ ಹುಡುಗಿಯೂ ನಕ್ಕು, ಎದ್ದು ಬಂದು ಅವರ ಪಕ್ಕದಲ್ಲೇ ಕೂತಳು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಶಾಂತಕ್ಕ ಊಟ ಬಿಟ್ಟರು. ವಿಠ್ಠಲರಾಯರೂ ನಾನೂ ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯ ಕೇಳಿದ್ದೆಲ್ಲ ತಮ್ಮನನ್ನೇ. ಶಾಂತಕ್ಕ ಹೊಟ್ಟೆ ಹಿಡಿದುಕೊಂಡು, "ಭಾಳ ನೋಯಲಿಕ್ಕತ್ತದ್ರಿ. ಭಾಳ, ಭಾಳ" ಎಂದರು. ಬರುತ್ತಿದ್ದ ನಾಲ್ಕು ಮಾತು ಮರಾಠಿಯೂ ನೋವಿಗೆ ಹಾರಿಹೋಗಿತ್ತು. ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು. "ಪೋಟಾತ ಬಾಳ ಆಹೆ ಮ್ಹಣತೆ" ಎಂದಳು. ಮರಾಠಿಯಲ್ಲಿ ಬಾಳ ಎಂದರೆ ಕೂಸು. ಹೊಟ್ಟೆಯಲ್ಲಿ ಕೂಸಿದೆ ಅನ್ನುತ್ತಾಳೆ ಎಂದು ಅವಳು ನಕ್ಕಳು, ವೈದ್ಯನೂ ನಕ್ಕ.

ಭಾಷೆ ಬಾರದ್ದಕ್ಕೆ ನಾನು ಯಾರ ಮೇಲೂ ಸಿಟ್ಟಾಗುವುದಿಲ್ಲ. "ಭಾಳ ಅಂದರೆ ಕೂಸಲ್ಲ, ಬಹಳ ಅಂತ. ಹೊಟ್ಟೆ ಬಹಳ ನೋಯುತ್ತಿದೆ ಅನ್ನುತ್ತಿದ್ದಾರೆ. ಮುಟ್ಟಿ ನೋಡಿ" ಎಂದು ಮರಾಠಿಯಲ್ಲೇ ಬಿಡಿಸಿ ಹೇಳಿದೆ. ವೈದ್ಯ ಮುಟ್ಟಲಿಲ್ಲ. "ಹುಟ್ಟಿನಿಂದ ಹೀಗೇ ತಾನೆ? ಇಂಥವರು ಹಟ ಮಾಡುತ್ತಾರೆ" ಎಂದು ಆಮ್ಲಪಿತ್ತದ ಗುಳಿಗೆ ಬರೆದುಕೊಟ್ಟ. ನಾನು ದನಿ ಏರಿಸಿದೆ; ನನ್ನನ್ನು ಹೊರಗೆ ಕಳಿಸಿದರು. "ಇರ್ಲಿ ಬಿಡ್ರಿ ಮ್ಯಾಡಮ್, ಡಾಕ್ಟರಿಗೆ ಗೊತ್ತಿರ್ತದ" ಎನ್ನುತ್ತ ವಿಠ್ಠಲರಾಯರು ಗುಳಿಗೆ ತರಲು ಹೋದರು. ಕಲಿಯುವುದು ನಿಧಾನವಾದವರಿಗೆ ಹೊಟ್ಟೆ ನೋಯುವುದಿಲ್ಲ ಎಂದು ಯಾವ ವೈದ್ಯಶಾಸ್ತ್ರದಲ್ಲಿದೆಯೋ ನನಗೆ ಗೊತ್ತಿಲ್ಲ. ಅಂಥ ಪಾಠವನ್ನಂತೂ ನಾನು ಯಾರಿಗೂ ಹೇಳಿಕೊಟ್ಟಿಲ್ಲ.

ಅಪೆಂಡಿಕ್ಸ್ ಒಡೆದಿತ್ತು. ಮರುದಿನ ಬೇರೊಂದು ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದಾಗ ತಿಳಿಯಿತು. ಅಷ್ಟರಲ್ಲಿ ನಂಜು ಮೈತುಂಬ ಏರಿತ್ತು. ಶಾಂತಕ್ಕ ಉಳಿಯಲಿಲ್ಲ.

ಮಾತಾಡಿಸಿ ಹೋಗಲು ಮನೆಗೆ ಬಂದವರೆಲ್ಲ ಮಾತು ಕಲಿತುಕೊಂಡು ಬಂದವರಂತೆ ಅದನ್ನೇ ಹೇಳಿದರು: "ಪಾಪ, ಬಿಡುಗಡಿ ಆತು ಬಿಡ್ರಿ. ಆಕಿಗೂ, ನಿಮಗೂ." ವಿಠ್ಠಲರಾಯರು ತಲೆ ತಗ್ಗಿಸಿ ಕೂತಿದ್ದರು. ನನಗೆ ತಡೆಯಲಾಗಲಿಲ್ಲ.

"ಬಿಡುಗಡಿ ಅವರು ಕೇಳಿರ್ಲಿಲ್ರಿ" ಎಂದೆ. "ಹೊಟ್ಟಿನೋವಿಗೆ ಔಷಧ ಕೇಳಿದ್ರು."